ಫಲಕ ಒಂದೇ, ಕಾನೂನು ಬೇರೆ: ವಿದೇಶಗಳ ರಸ್ತೆ ನಿಯಮಗಳು ಮತ್ತು ವ್ಯಾಪಾರಸ್ಥರ ಹೊಣೆಗಾರಿಕೆ

ಕರ್ನಾಟಕದ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ವ್ಯವಹಾರ ನಿಮಿತ್ತ ವಿದೇಶಗಳಿಗೆ ಹೋಗಿಬರುವುದು ಇಂದು ಸಾಮಾನ್ಯ ಸಂಗತಿ. ಪೀಣ್ಯದ ಯಂತ್ರೋಪಕರಣ ತಯಾರಕರು ಜರ್ಮನಿಯ ಹ್ಯಾನೋವರ್ ಮೇಳಕ್ಕೆ, ಗುಲಾಬಿ ರಫ್ತು ಮಾಡುವವರು ನೆದರ್ಲೆಂಡ್ಸ್‌ನ ಆಲ್ಸ್‌ಮೇರ್ ಹೂವಿನ ಹರಾಜು ಕೇಂದ್ರಕ್ಕೆ, ಕರಾವಳಿಯ ವರ್ತಕರು ಕೊಲ್ಲಿ ರಾಷ್ಟ್ರಗಳಿಗೆ ಪ್ರಯಾಣ ಬೆಳೆಸುತ್ತಾರೆ. ಅಂಥ ಪ್ರವಾಸದ ಅಂದಾಜು ಪಟ್ಟಿಯಲ್ಲಿ ವಿಮಾನದ ಟಿಕೆಟ್ಟು, ವೀಸಾ ಶುಲ್ಕ, ಹೋಟೆಲಿನ ಬಾಡಿಗೆ, ಮಳಿಗೆಯ ಖರ್ಚು ಇವೆಲ್ಲವೂ ಇರುತ್ತವೆ. ಅಲ್ಲಿ ಬಾಡಿಗೆ ಕಾರು ಪಡೆದು ಗ್ರಾಹಕರ ಕಾರ್ಖಾನೆಗೆ ಹೋಗಲಿರುವ ಪ್ರತಿನಿಧಿಗೆ ಆ ದೇಶದ ರಸ್ತೆ ಕಾನೂನು ತಿಳಿದಿದೆಯೇ ಎಂಬ ಪ್ರಶ್ನೆ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ, ರಸ್ತೆ ಎಲ್ಲಿಯಾದರೂ ರಸ್ತೆಯೇ ಎಂಬ ಭಾವನೆ ಸಾಮಾನ್ಯ.

ಈ ಭಾವನೆ ಅರ್ಧ ಮಾತ್ರ ಸರಿ. ರಸ್ತೆ ಫಲಕಗಳ ಚಿತ್ರಗಳು ಬಹುಮಟ್ಟಿಗೆ ಜಗತ್ತಿನಾದ್ಯಂತ ಒಂದನ್ನೊಂದು ಹೋಲುತ್ತವೆ. ಆದರೆ ಎರಡು ವಾಹನಗಳು ಎದುರಾದಾಗ ಯಾವುದು ಮೊದಲು ಸಾಗಬೇಕು, ಯಾವುದು ನಿಂತು ದಾರಿ ಬಿಡಬೇಕು ಎಂಬುದನ್ನು ನಿರ್ಧರಿಸುವುದು ಆಯಾ ದೇಶದ ಕಾನೂನು. ಮೊದಲು ಸಾಗುವ ಹಕ್ಕು ಶಿಷ್ಟಾಚಾರದ ವಿಷಯವೆಂದು ತೋರಬಹುದು. ಅಪಘಾತವಾದ ಮರುಕ್ಷಣ ಅದು ಹೊಣೆಗಾರಿಕೆಯ ವಿಷಯವಾಗುತ್ತದೆ. ಯಾರ ವಿಮೆ ಹಣ ತೆರಬೇಕು, ಯಾರು ದಂಡ ಕಟ್ಟಬೇಕು, ಪ್ರಾಣಹಾನಿಯಾದಲ್ಲಿ ಯಾರು ನ್ಯಾಯಾಲಯದ ಮುಂದೆ ನಿಲ್ಲಬೇಕು ಎಂಬುದೆಲ್ಲ ಆ ಒಂದು ನಿಯಮದ ಮೇಲೆ ನಿಲ್ಲುತ್ತದೆ. ಆದುದರಿಂದ ಈ ವ್ಯತ್ಯಾಸಗಳನ್ನು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಒಪ್ಪಂದಗಳ ಹಿನ್ನೆಲೆ

ರಸ್ತೆ ಫಲಕಗಳನ್ನು ಅಂತರರಾಷ್ಟ್ರೀಯವಾಗಿ ಏಕರೂಪಗೊಳಿಸುವ ಮೊದಲ ಮುಖ್ಯ ಪ್ರಯತ್ನ 1909ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆಯಿತು. ಅಂದು ಒಪ್ಪಿಗೆಯಾದ ಫಲಕಗಳು ಕೇವಲ ನಾಲ್ಕು: ರಸ್ತೆಯ ಉಬ್ಬುತಗ್ಗು, ತಿರುವು, ಅಡ್ಡರಸ್ತೆ ಮತ್ತು ರೈಲ್ವೆ ಗೇಟು. ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಜಿನೀವಾ ಒಪ್ಪಂದವೂ, 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಎರಡು ಒಪ್ಪಂದಗಳೂ ಆದವು. ವಿಯೆನ್ನಾ ಒಪ್ಪಂದಗಳಲ್ಲಿ ಒಂದು ರಸ್ತೆ ಸಂಚಾರಕ್ಕೆ, ಇನ್ನೊಂದು ಫಲಕ ಮತ್ತು ಸಂಕೇತಗಳಿಗೆ ಸಂಬಂಧಿಸಿದ್ದು. ಭಾರತವು 1980ರಲ್ಲಿ ಈ ಎರಡನ್ನೂ ಒಪ್ಪಿಕೊಂಡಿತು. ಅಮೆರಿಕ ಸಂಯುಕ್ತ ಸಂಸ್ಥಾನವು 1949ರ ಜಿನೀವಾ ಒಪ್ಪಂದದಲ್ಲಿದೆ. ಆದರೆ ಫಲಕಗಳ ವಿಷಯದಲ್ಲಿ 1935ರಿಂದ ತನ್ನದೇ ಆದ ಕೈಪಿಡಿಯನ್ನು ಅನುಸರಿಸುತ್ತಿದೆ. ಚೀನಾ ದೇಶವು 1949ರ ಒಪ್ಪಂದವನ್ನಾಗಲಿ 1968ರ ಸಂಚಾರ ಒಪ್ಪಂದವನ್ನಾಗಲಿ ಅಳವಡಿಸಿಕೊಂಡಿಲ್ಲ.

ವಿಯೆನ್ನಾ ಒಪ್ಪಂದವೂ ಪೂರ್ಣ ಏಕರೂಪತೆಯನ್ನು ಹೇರಲಿಲ್ಲ. ಎಚ್ಚರಿಕೆ ಫಲಕಕ್ಕೆ ಕೆಂಪು ಅಂಚಿನ ತ್ರಿಕೋನ ಅಥವಾ ಹಳದಿ ವಜ್ರಾಕೃತಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅದು ಅವಕಾಶ ಕೊಟ್ಟಿದೆ. 'ನಿಲ್ಲಿ' ಎಂಬ ಫಲಕಕ್ಕೂ ಎರಡು ಮಾದರಿಗಳಿವೆ. ಲೆಕ್ಕಪತ್ರ ವಿಧಾನಗಳ ಪರಿಚಯವಿರುವ ಓದುಗರಿಗೆ ಇದು ಹೊಸತಲ್ಲ. ಸರಕು ದಾಸ್ತಾನಿನ ಮೌಲ್ಯ ನಿರ್ಧರಿಸಲು ಒಂದಕ್ಕಿಂತ ಹೆಚ್ಚು ವಿಧಾನಗಳಿಗೆ ಅನುಮತಿ ಇರುವಾಗ, ಎರಡು ಸಂಸ್ಥೆಗಳ ಆಢಾವೆ ಪತ್ರಿಕೆಗಳು ನೋಡಲು ಒಂದೇ ರೀತಿಯಿದ್ದರೂ ಅಂಕಿಗಳ ಅರ್ಥ ಬೇರೆಯಾಗಿರುತ್ತದೆ. ರಸ್ತೆ ಫಲಕಗಳ ಸ್ಥಿತಿಯೂ ಇದೇ.

ನೋಟ ಒಂದೇ, ಅರ್ಥ ಬೇರೆ

ಮೊದಲನೆಯದಾಗಿ ಹಳದಿ ವಜ್ರಾಕೃತಿಯನ್ನು ಗಮನಿಸಬಹುದು. ಅಮೆರಿಕ, ಆಸ್ಟ್ರೇಲಿಯ, ಐರ್ಲೆಂಡ್ ದೇಶಗಳಲ್ಲಿ ಹಳದಿ ವಜ್ರಾಕೃತಿಯೊಳಗೆ ಕಪ್ಪು ಚಿತ್ರವಿದ್ದರೆ ಅದು ಎಚ್ಚರಿಕೆ. ಮುಂದೆ ಅಪಾಯವಿದೆ, ನಿಧಾನಿಸಬೇಕು ಎಂದರ್ಥ. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಬಿಳಿ ಅಂಚಿನ, ಚಿತ್ರವಿಲ್ಲದ ಹಳದಿ ವಜ್ರಾಕೃತಿಯು 'ನೀವು ಆದ್ಯತೆಯ ರಸ್ತೆಯಲ್ಲಿದ್ದೀರಿ, ಅಡ್ಡರಸ್ತೆಯವರು ನಿಮಗೆ ದಾರಿ ಬಿಡಬೇಕು' ಎಂದು ತಿಳಿಸುತ್ತದೆ. ಅದೇ ಆಕೃತಿಯ ಮೇಲೆ ಅಡ್ಡಗೆರೆಗಳಿದ್ದರೆ ಆದ್ಯತೆ ಅಲ್ಲಿಗೆ ಮುಗಿಯಿತು. ಒಂದು ಕಡೆ ಎಚ್ಚರಿಸುವ ಆಕೃತಿ ಇನ್ನೊಂದು ಕಡೆ ಹಕ್ಕು ಕೊಡುತ್ತದೆ.

ಎರಡನೆಯದು, ಬಿಳಿ ವೃತ್ತದ ಮೇಲೆ ಓರೆಯಾದ ಕಪ್ಪು ಗೆರೆ. ಭಾರತದಲ್ಲಿ ಇದು ಹಿಂದೆ ಹೇಳಿದ ನಿರ್ಬಂಧ ಮುಗಿಯಿತು ಎಂಬುದರ ಸೂಚನೆ. ಜರ್ಮನಿಯಲ್ಲಿಯೂ ಮೂಲ ಅರ್ಥ ಅದೇ. ಆದರೆ ಪರಿಣಾಮ ರಸ್ತೆಯನ್ನು ಅವಲಂಬಿಸಿದೆ. ಅಲ್ಲಿನ ಆಟೋಬಾನ್ ಹೆದ್ದಾರಿಯಲ್ಲಿ ಕಾರುಗಳಿಗೆ ಸಾಮಾನ್ಯ ವೇಗಮಿತಿ ಇಲ್ಲ, ಗಂಟೆಗೆ 130 ಕಿ.ಮೀ. ಎಂಬ ಸಲಹೆ ಮಾತ್ರ ಇದೆ. ಊರಾಚೆಯ ಸಾಧಾರಣ ರಸ್ತೆಯಲ್ಲಾದರೆ 100 ಕಿ.ಮೀ. ಮಿತಿ ತಾನಾಗಿ ಅನ್ವಯವಾಗುತ್ತದೆ. ಬ್ರಿಟನ್ನಿನಲ್ಲಿ ಇದೇ ಫಲಕ 'ರಾಷ್ಟ್ರೀಯ ವೇಗಮಿತಿ ಜಾರಿಯಲ್ಲಿದೆ' ಎಂದು ಹೇಳುತ್ತದೆ. ಕಾರುಗಳಿಗೆ ಒಂಟಿ ರಸ್ತೆಯಲ್ಲಿ 60 ಮೈಲಿ, ವಿಭಜಿತ ರಸ್ತೆಯಲ್ಲಿ 70 ಮೈಲಿ. ನಿರ್ಬಂಧ ತೆಗೆದರು ಎಂದು ಭಾವಿಸಿದವನು ಅಲ್ಲಿ ದಂಡಕ್ಕೆ ಗುರಿಯಾಗುತ್ತಾನೆ. ಬ್ರಿಟನ್ನಿನ ಫಲಕಗಳಲ್ಲಿ ವೇಗ ಮೈಲಿಗಳಲ್ಲಿರುತ್ತದೆ ಎಂಬುದೂ ನೆನಪಿರಬೇಕು. ಅಲ್ಲಿ 30 ಎಂದರೆ ಸುಮಾರು 48 ಕಿ.ಮೀ.

ಮೂರನೆಯದು, ಅಂಕಿಯೇ ಇಲ್ಲದ ವೇಗಮಿತಿ. ಜರ್ಮನಿಯಲ್ಲಿ ಊರಿನ ಹೆಸರು ಬರೆದ ಹಳದಿ ಫಲಕ ದಾಟಿದ ಕೂಡಲೇ 50 ಕಿ.ಮೀ. ಮಿತಿ ಆರಂಭವಾಗುತ್ತದೆ. ಫ್ರಾನ್ಸಿನಲ್ಲಿ ಕೆಂಪು ಅಂಚಿನ ಊರ ಹೆಸರಿನ ಫಲಕಕ್ಕೂ ಇದೇ ಶಕ್ತಿ ಇದೆ. ನಮ್ಮವರು ಅದನ್ನು ಸ್ವಾಗತ ಫಲಕವೆಂದು ಓದಿ ಮುಂದೆ ಸಾಗುತ್ತಾರೆ. ಕಾನೂನು ಅದನ್ನು ಆಜ್ಞೆಯೆಂದು ಓದುತ್ತದೆ.

ನಾಲ್ಕನೆಯದು, 'ನಿಲ್ಲಿ' ಫಲಕ. ಕೆಂಪು ಅಷ್ಟಕೋನ ಬಹುತೇಕ ದೇಶಗಳಲ್ಲಿ ಸಮಾನ. ಅಕ್ಷರ ಅರಬ್ಬಿಯಲ್ಲಿರಲಿ ಫ್ರೆಂಚಿನಲ್ಲಿರಲಿ, ಎಂಟು ಮೂಲೆಗಳ ಆಕಾರವೇ ಅರ್ಥ ಹೇಳುತ್ತದೆ. ಜಪಾನಿನಲ್ಲಿ ಮಾತ್ರ ಅದು ತಲೆಕೆಳಗಾದ ಕೆಂಪು ತ್ರಿಕೋನ. ಅದರಲ್ಲಿ 'ತೊಮಾರೆ' ಎಂದು ಜಪಾನಿ ಲಿಪಿಯಲ್ಲಿ ಬರೆದಿರುತ್ತದೆ. 2017ರಿಂದ ಹೊಸ ಫಲಕಗಳಲ್ಲಿ ಇಂಗ್ಲಿಷ್ ಪದವನ್ನೂ ಸೇರಿಸಲಾಗುತ್ತಿದೆ. ತಲೆಕೆಳಗಾದ ತ್ರಿಕೋನವೆಂದರೆ 'ದಾರಿ ಬಿಡಿ' ಎಂದಷ್ಟೇ ತಿಳಿದವನು ಅಲ್ಲಿ ನಿಧಾನಿಸಿ ಮುಂದೆ ಹೋಗುತ್ತಾನೆ. ಕಾನೂನು ಪೂರ್ಣವಾಗಿ ನಿಲ್ಲಬೇಕೆಂದು ಬಯಸುತ್ತದೆ.

ಹೆದ್ದಾರಿಯ ಬಣ್ಣವೂ ಬದಲಾಗುತ್ತದೆ. ಜರ್ಮನಿ, ಫ್ರಾನ್ಸ್, ಬ್ರಿಟನ್ ದೇಶಗಳಲ್ಲಿ ಮುಖ್ಯ ಹೆದ್ದಾರಿಯ ದಿಕ್ಕಿನ ಫಲಕ ನೀಲಿ; ಇಟಲಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಹಸಿರು. ರಸ್ತೆಯ ನಡುಗೆರೆ ಅಮೆರಿಕದಲ್ಲಿ ಹಳದಿಯಿದ್ದರೆ ಆಚೆ ಎದುರಿನ ವಾಹನಗಳಿವೆ ಎಂದರ್ಥ, ಬಿಳಿಯಿದ್ದರೆ ಎರಡೂ ಬದಿ ಒಂದೇ ದಿಕ್ಕು. ಯೂರೋಪಿನ ಬಹುಭಾಗದಲ್ಲಿ ಎದುರುಬದಿರಾದ ಸಂಚಾರವನ್ನು ಬೇರ್ಪಡಿಸುವ ಗೆರೆಯೂ ಬಿಳಿಯೇ. ಅಮೆರಿಕದಲ್ಲಿ ವಾಹನ ಓಡಿಸಿ ರೂಢಿಯಾದವರು ಯೂರೋಪಿನಲ್ಲಿ ಈ ಬಿಳಿ ಗೆರೆಯನ್ನು ತಪ್ಪಾಗಿ ಓದಿದರೆ ಎದುರಿನ ವಾಹನಕ್ಕೆ ಡಿಕ್ಕಿ ಹೊಡೆಯುವ ಸಂಭವವಿದೆ.

ಫಲಕವಿಲ್ಲದ ಕಡೆ ಕಾನೂನು ಏನು?

ಕಾಣುವ ಫಲಕವನ್ನು ಕೇಳಿಯಾದರೂ ತಿಳಿಯಬಹುದು. ಹೆಚ್ಚಿನ ಅಪಾಯವಿರುವುದು ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ. ಕರಾರು ಪತ್ರ ಮೌನವಾಗಿರುವಲ್ಲಿ ಕರಾರು ಕಾಯ್ದೆ ಮಾತನಾಡುವಂತೆ, ಫಲಕ ಮೌನವಾಗಿರುವಲ್ಲಿ ದೇಶದ ಸಾಮಾನ್ಯ ನಿಯಮ ಮಾತನಾಡುತ್ತದೆ. ಈ ಸಾಮಾನ್ಯ ನಿಯಮವನ್ನು ಪ್ರತಿಯೊಂದು ದೇಶಕ್ಕೂ ಪ್ರತ್ಯೇಕವಾಗಿ ತಿಳಿದುಕೊಳ್ಳಬೇಕು.

ಭಾರತದಲ್ಲಿ ಈ ವಿಷಯವನ್ನು 1989ರ ರಸ್ತೆ ನಿಯಮಗಳ ಸ್ಥಾನದಲ್ಲಿ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ನಿರ್ಧರಿಸುತ್ತದೆ. ಮುಖ್ಯ ರಸ್ತೆಯನ್ನು ಪ್ರವೇಶಿಸುವವನು ಆ ರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು; ನಿಯಂತ್ರಣವಿಲ್ಲದ ಇತರ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಕಡಿದಾದ ಘಟ್ಟದ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ಎಡೆ ಕೊಡಬೇಕು. ನಿಯಮ ಹೀಗಿದ್ದರೂ, ದೊಡ್ಡ ವಾಹನ ಅಥವಾ ಮೊದಲು ಮೂತಿ ತೂರಿಸಿದ ವಾಹನ ಮುಂದೆ ಹೋಗುವುದು ನಮ್ಮ ರೂಢಿ. ಈ ರೂಢಿಯನ್ನು ಹೊರದೇಶಕ್ಕೆ ಹೊತ್ತೊಯ್ದರೆ ನಷ್ಟ ನಿಶ್ಚಿತ.

ಜರ್ಮನಿಯಲ್ಲಿ ಫಲಕವಿಲ್ಲದ ಕೂಡುರಸ್ತೆಗಳಲ್ಲಿ 'ಎಡದವನಿಗಿಂತ ಬಲದವನು ಮೊದಲು' ಎಂಬ ನಿಯಮವಿದೆ. ಹೇಳಿಕೆ ನಮ್ಮದರಂತೆಯೇ ಕಂಡರೂ ಅನ್ವಯ ಕಟ್ಟುನಿಟ್ಟು. ಮೂರು ರಸ್ತೆ ಕೂಡುವಲ್ಲಿ ನೇರ ರಸ್ತೆಯವನೂ ಬಲಗಡೆಯ ಚಿಕ್ಕ ಬೀದಿಯಿಂದ ಬರುವವನಿಗೆ ನಿಲ್ಲಬೇಕು. ರಸ್ತೆ ಅಗಲವಾಗಿದೆ, ನೇರವಾಗಿದೆ ಎಂಬ ಕಾರಣಕ್ಕೆ ಅಲ್ಲಿ ಆದ್ಯತೆ ದೊರೆಯುವುದಿಲ್ಲ. ವಸತಿ ಪ್ರದೇಶಗಳ 30 ಕಿ.ಮೀ. ವಲಯಗಳಲ್ಲಿ ಸಾಮಾನ್ಯವಾಗಿ ಇದೇ ನಿಯಮ. ಮನೆಯ ಅಥವಾ ಕಾರ್ಖಾನೆಯ ಆವರಣದಿಂದ, ಹೊಲದ ದಾರಿಯಿಂದ, ತಗ್ಗಿಸಿದ ಪಾದಚಾರಿ ಕಟ್ಟೆಯನ್ನು ದಾಟಿ ಬರುವವರಿಗೆ ಮಾತ್ರ ಈ ಹಕ್ಕಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ನಮ್ಮಲ್ಲಿ ಚಾಲಕ ಕಾರಿನ ಬಲಭಾಗದಲ್ಲಿ ಕುಳಿತಿರುವುದರಿಂದ ಬಲಗಡೆ ಅವನಿಗೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಅವನು ಎಡಭಾಗದಲ್ಲಿ ಕುಳಿತಿರುತ್ತಾನೆ, ಬಲಗಡೆಯ ನೋಟಕ್ಕೆ ಪಕ್ಕದವರೂ ಕಾರಿನ ಕಂಬಗಳೂ ಅಡ್ಡ ಬರುತ್ತವೆ.

ಫ್ರಾನ್ಸಿನಲ್ಲಿಯೂ ಬಲಗಡೆಗೆ ಆದ್ಯತೆ ಎಂಬುದೇ ಮೂಲ ನಿಯಮ. ಕೆಂಪು ತ್ರಿಕೋನದೊಳಗೆ ಕಪ್ಪು ಗುಣಾಕಾರ ಚಿಹ್ನೆ ಕಂಡರೆ ಮುಂದಿನ ಕೂಡುರಸ್ತೆಯಲ್ಲಿ ಈ ನಿಯಮ ಅನ್ವಯಿಸುತ್ತದೆ ಎಂದರ್ಥ. ನೆದರ್ಲೆಂಡ್ಸ್‌ನಲ್ಲಿ 2001ರ ಮೇ 1ರಿಂದ ಬಲಗಡೆಯಿಂದ ಬರುವ ಸೈಕಲ್ ಸವಾರನಿಗೂ ಕಾರಿನಷ್ಟೇ ಹಕ್ಕಿದೆ. ಸೈಕಲ್ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಆ ದೇಶದಲ್ಲಿ ಅತ್ಯಂತ ಅಪಾಯಕಾರಿ. ರಸ್ತೆಯ ಮೇಲೆ ಬಿಳಿ ಬಣ್ಣದ ಸಾಲು ತ್ರಿಕೋನಗಳ ಮೊನೆ ತನ್ನ ಕಡೆಗಿದ್ದರೆ ಚಾಲಕನು ದಾರಿ ಬಿಡಬೇಕು.

ಬ್ರಿಟನ್ನಿನ ನಿಲುವು ಇವುಗಳಿಗಿಂತ ಭಿನ್ನ. ಗುರುತುಗಳಿಲ್ಲದ ಕೂಡುರಸ್ತೆಯಲ್ಲಿ ಯಾರಿಗೂ ಆದ್ಯತೆ ಇಲ್ಲ, ಎಲ್ಲರೂ ವಿಶೇಷ ಎಚ್ಚರಿಕೆ ವಹಿಸಬೇಕು ಎಂದು ಅಲ್ಲಿನ ಹೆದ್ದಾರಿ ಸಂಹಿತೆ ಹೇಳುತ್ತದೆ. 2022ರ ಜನವರಿ 29ರಿಂದ ಆ ಸಂಹಿತೆಗೆ ಸೇರಿದ ಬದಲಾವಣೆಯಂತೆ, ವಾಹನವು ತಿರುಗಲಿರುವ ರಸ್ತೆಯನ್ನು ದಾಟುತ್ತಿರುವ ಪಾದಚಾರಿಗೆ ಮಾತ್ರವಲ್ಲದೆ ದಾಟಲು ಕಾದು ನಿಂತಿರುವ ಪಾದಚಾರಿಗೂ ಚಾಲಕನು ದಾರಿ ಬಿಡಬೇಕು.

ಅಮೆರಿಕದಲ್ಲಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆಯಾದರೂ ನಾಲ್ಕೂ ಬದಿಯಲ್ಲಿ 'ನಿಲ್ಲಿ' ಫಲಕವಿರುವ ಕೂಡುರಸ್ತೆ ಅಲ್ಲಿ ಬಹು ಸಾಮಾನ್ಯ. ಮೊದಲು ಬಂದು ನಿಂತವನು ಮೊದಲು ಹೋಗಬೇಕು. ಇಬ್ಬರು ಏಕಕಾಲಕ್ಕೆ ಬಂದರೆ ಎಡಗಡೆಯವನು ಬಲಗಡೆಯವನಿಗೆ ಬಿಡಬೇಕು. ಪೊಲೀಸರಾಗಲಿ ದೀಪಗಳಾಗಲಿ ಇಲ್ಲದೆ ನಾಲ್ಕು ದಿಕ್ಕಿನ ವಾಹನಗಳು ಸರದಿಯಂತೆ ಸಾಗುವುದನ್ನು ಅಲ್ಲಿ ಕಾಣಬಹುದು. ಪೂರ್ತಿ ನಿಲ್ಲದೆ ನಿಧಾನಿಸಿ ಸಾಗುವುದು ಅಲ್ಲಿ ಅಪರಾಧ.

ವೃತ್ತಗಳಲ್ಲಿ ಎಡವೋ ಬಲವೋ?

ಎಡಬದಿಯಲ್ಲಿ ಚಲಿಸುವ ಭಾರತ, ಬ್ರಿಟನ್ ಮುಂತಾದ ದೇಶಗಳಲ್ಲಿ ವಾಹನಗಳು ವೃತ್ತವನ್ನು ಪ್ರದಕ್ಷಿಣೆಯಾಗಿ ಸುತ್ತುತ್ತವೆ. ಆದುದರಿಂದ ವೃತ್ತದೊಳಗಿನ ವಾಹನ ಪ್ರವೇಶಿಸುವವನ ಬಲಗಡೆಯಿಂದಲೇ ಬರುತ್ತದೆ. ಬ್ರಿಟನ್ 1966ರಲ್ಲಿ 'ವೃತ್ತದಲ್ಲಿ ಬಲಗಡೆಯವರಿಗೆ ದಾರಿ ಬಿಡಿ' ಎಂಬ ನಿಯಮವನ್ನು ಜಾರಿಗೆ ತಂದಿತು. ಭಾರತದಲ್ಲಿಯೂ ವೃತ್ತದೊಳಗಿನ ವಾಹನಕ್ಕೆ ಆದ್ಯತೆ. ಹೀಗೆ ಎಡಬದಿಯ ದೇಶಗಳಲ್ಲಿ 'ಬಲಗಡೆ ನೋಡು' ಎಂಬ ಒಂದೇ ಅಭ್ಯಾಸ ಬಹುಮಟ್ಟಿಗೆ ಎರಡೂ ಕಡೆ ಕೆಲಸಕ್ಕೆ ಬರುತ್ತದೆ.

ಬಲಬದಿಯಲ್ಲಿ ಚಲಿಸುವ ದೇಶಗಳಲ್ಲಿ ವೃತ್ತವನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು. ಒಳಗಿನ ವಾಹನ ಎಡಗಡೆಯಿಂದ ಬರುತ್ತದೆ. ಜರ್ಮನಿಯ ಒಂದೇ ಊರಿನಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯವನಿಗೂ, 'ದಾರಿ ಬಿಡಿ' ಫಲಕವಿರುವ ವೃತ್ತದಲ್ಲಿ ಎಡಗಡೆಯವನಿಗೂ ದಾರಿ ಬಿಡಬೇಕಾಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿಯೂ ಬಲಬದಿಯ ಸಂಚಾರವಿದ್ದು ವೃತ್ತಗಳಲ್ಲಿ ಎಡಗಡೆಯಿಂದ ಬರುವವರೇ ಮೊದಲು. ಹೊಸದಾಗಿ ಹೋದ ಕನ್ನಡಿಗ ಚಾಲಕನಿಗೆ ಮೊದಲ ಕೆಲವು ದಿನ ಕಣ್ಣು ಅಭ್ಯಾಸಬಲದಿಂದ ಬಲಕ್ಕೇ ಹೋಗುತ್ತದೆ. ಆ ದಿನಗಳಲ್ಲಿ ಅವನಿಗೆ ಸ್ವತಂತ್ರವಾಗಿ ಗಾಡಿ ಒಪ್ಪಿಸದಿರುವುದು ಮಾಲೀಕನ ವಿವೇಕ.

ಫ್ರಾನ್ಸಿನಲ್ಲಿ ಬಲಗಡೆಗೆ ಆದ್ಯತೆ ಎಂಬ ನಿಯಮ ಹಿಂದೆ ವೃತ್ತಗಳಿಗೂ ಅನ್ವಯಿಸುತ್ತಿತ್ತು. ಪ್ರವೇಶಿಸುವವನಿಗೇ ಹಕ್ಕಿದ್ದು ಒಳಗಿನವರು ನಿಲ್ಲಬೇಕಾಗಿತ್ತು. 1983ರ ಆದೇಶದ ನಂತರ, ಫಲಕ ಹಾಕಿದ ಹೊಸ ಮಾದರಿಯ ವೃತ್ತಗಳಲ್ಲಿ ಪ್ರವೇಶಿಸುವವನು ದಾರಿ ಬಿಡಬೇಕೆಂದಾಯಿತು. ಆದರೂ ಪ್ಯಾರಿಸ್ಸಿನ ವಿಜಯದ್ವಾರದ ಸುತ್ತಲಿನ ಪ್ರಸಿದ್ಧ ವೃತ್ತದಲ್ಲಿ ಹಳೆಯ ನಿಯಮವೇ ಉಳಿದಿದೆ. ಒಂದೇ ದೇಶದೊಳಗೂ ಫಲಕದ ಇರವು ಮತ್ತು ಇಲ್ಲದಿರುವಿಕೆ ಎಷ್ಟು ಮುಖ್ಯ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ದೀಪಗಳು, ಶಾಲಾ ಬಸ್ಸು, ತುರ್ತು ವಾಹನ

ಅಮೆರಿಕದಲ್ಲಿ ಕೆಂಪು ದೀಪವಿದ್ದರೂ ಪೂರ್ಣ ನಿಂತು, ಇತರರಿಗೆ ದಾರಿ ಬಿಟ್ಟು, ಬಲಕ್ಕೆ ತಿರುಗಲು ಸಾಮಾನ್ಯವಾಗಿ ಅನುಮತಿ ಇದೆ. 1975ರ ಇಂಧನ ನೀತಿ ಕಾಯ್ದೆ ಇಂಧನ ಉಳಿತಾಯದ ಸಲುವಾಗಿ ಇದನ್ನು ದೇಶಾದ್ಯಂತ ಪ್ರೋತ್ಸಾಹಿಸಿತು. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಫಲಕವಿದ್ದ ಕಡೆ ಹೊರತು ಇದು ನಿಷಿದ್ಧ. ಜರ್ಮನಿಯಲ್ಲಿ ದೀಪದ ಪಕ್ಕದಲ್ಲಿ ಹಸಿರು ಬಾಣದ ಸ್ಥಿರ ಫಲಕವಿದ್ದರೆ ಮಾತ್ರ, ಮೊದಲು ನಿಂತು, ನಂತರ ಬಲಕ್ಕೆ ತಿರುಗಬಹುದು. ನಮ್ಮಲ್ಲಿ 'ಫ್ರೀ ಲೆಫ್ಟ್' ಫಲಕವಿರುವ ಕಡೆ ನಿಲ್ಲದೆ ನುಗ್ಗುವ ಅಭ್ಯಾಸವನ್ನು ಅಲ್ಲಿ ಮುಂದುವರಿಸುವಂತಿಲ್ಲ.

ಅಮೆರಿಕದಲ್ಲಿ ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸುತ್ತಾ ನಿಂತಾಗ, ವಿಭಜಕವಿಲ್ಲದ ರಸ್ತೆಯಲ್ಲಿ ಹಿಂದಿನ ವಾಹನಗಳಷ್ಟೇ ಅಲ್ಲದೆ ಎದುರಿನಿಂದ ಬರುವವೂ ನಿಲ್ಲಬೇಕು. ಜರ್ಮನಿಯ ಹೆದ್ದಾರಿಯಲ್ಲಿ ಸಂಚಾರ ನಿಧಾನಗೊಂಡ ಕೂಡಲೇ, ಆಂಬುಲೆನ್ಸ್ ಬರುವ ಮೊದಲೇ, ಎಡ ತುದಿಯ ಸಾಲಿನವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು ನಡುವೆ ದಾರಿ ಮಾಡಿಡಬೇಕು. ತಪ್ಪಿದಲ್ಲಿ ಕನಿಷ್ಠ 200 ಯೂರೋ ದಂಡ. ಭಾರತದಲ್ಲಿಯೂ 2019ರ ತಿದ್ದುಪಡಿಯಂತೆ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂ. ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು.

ಹೆಡ್‌ಲೈಟ್ ಮಿನುಗಿಸುವುದಕ್ಕೂ ಎರಡು ಅರ್ಥಗಳಿವೆ. ನಮ್ಮಲ್ಲಿ ಅದು 'ನಾನು ಬರುತ್ತಿದ್ದೇನೆ, ನಿಲ್ಲು' ಎಂಬ ಸೂಚನೆ. ಬ್ರಿಟನ್ನಿನ ಚಾಲಕರಲ್ಲಿ ಅನೇಕರು ಅದನ್ನು 'ನೀವು ಮೊದಲು ಹೋಗಿ' ಎಂಬರ್ಥದಲ್ಲಿ ಬಳಸುತ್ತಾರೆ. ಅಲ್ಲಿನ ಸಂಹಿತೆಯಂತೆ ತಾನು ಇರುವುದನ್ನು ತಿಳಿಸಲು ಮಾತ್ರ ಹೆಡ್‌ಲೈಟ್ ಮಿನುಗಿಸಬಹುದು. ಒಂದೇ ಬೆಳಕನ್ನು ಇಬ್ಬರು ವಿರುದ್ಧಾರ್ಥದಲ್ಲಿ ಓದಿಕೊಂಡರೆ ಡಿಕ್ಕಿ ತಪ್ಪಿದ್ದಲ್ಲ.

ಅಪಘಾತದ ನಂತರದ ಕಾಗದ

ಯೂರೋಪಿನಲ್ಲಿ ಸಾಮಾನ್ಯ ಡಿಕ್ಕಿಗಳ ನಂತರ ಇಬ್ಬರೂ ಚಾಲಕರು ಸೇರಿ ತುಂಬುವ ಅಪಘಾತ ಹೇಳಿಕೆಯ ನಮೂನೆಯೊಂದು ಬಳಕೆಯಲ್ಲಿದೆ. ಭಾಷೆ ಬೇರೆಯಾದರೂ ಅಂಕಣಗಳ ಕ್ರಮ ಒಂದೇ. ಅದರಲ್ಲಿ ಗುರುತು ಹಾಕಬೇಕಾದ 17 ಸಂದರ್ಭಗಳಿವೆ. 'ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುತ್ತಿದ್ದೆ' ಎಂಬುದು 16ನೆಯದು. 'ಆದ್ಯತೆಯ ಫಲಕವನ್ನು ಅಥವಾ ಕೆಂಪು ದೀಪವನ್ನು ಪಾಲಿಸಲಿಲ್ಲ' ಎಂಬುದು 17ನೆಯದು. ವಿಮಾ ಕಂಪನಿಗಳು ಈ ಗುರುತುಗಳನ್ನು ಆಧರಿಸಿ ಹೊಣೆ ಹಂಚುತ್ತವೆ. ಭಾಷೆ ತಿಳಿಯದ ನಮ್ಮ ಪ್ರತಿನಿಧಿ ಸೌಜನ್ಯಕ್ಕೆಂದು ಸಹಿ ಹಾಕಿದರೆ ತನ್ನ ವಿರುದ್ಧ ತಾನೇ ಸಾಕ್ಷ್ಯ ಕೊಟ್ಟಂತೆ. ಇಂಗ್ಲಿಷ್ ಪ್ರತಿಯೊಂದನ್ನು ಮೊದಲೇ ಜೊತೆಗಿಟ್ಟುಕೊಂಡರೆ ಅಂಕಣ ಅಂಕಣವಾಗಿ ಹೋಲಿಸಿ ನೋಡಬಹುದು.

ಜರ್ಮನಿಯ ಕಾನೂನಿನಲ್ಲಿ ವಾಹನವನ್ನು ಹೊಂದಿದವನ ಮೇಲೆ ತಪ್ಪಿನ ಪ್ರಶ್ನೆಯಿಲ್ಲದೆಯೇ ಹೊಣೆ ಬೀಳುತ್ತದೆ. ಎರಡು ವಾಹನಗಳಿದ್ದಾಗ ಪ್ರತಿಯೊಬ್ಬರ ಪಾಲನ್ನು ತೂಗಿ ನೋಡುತ್ತಾರೆ. ಮೊದಲು ಸಾಗುವ ಹಕ್ಕನ್ನು ಮುರಿದವನ ಪಾಲು ಸಾಮಾನ್ಯವಾಗಿ ಹೆಚ್ಚು ಭಾರವಾಗಿರುತ್ತದೆ. ಕೆಂಪು ದೀಪ ದಾಟಿದಂಥ ಘೋರ ನಿರ್ಲಕ್ಷ್ಯವಿದ್ದರೆ ಸ್ವಂತ ವಾಹನದ ಹಾನಿಗೆ ವಿಮಾ ಕಂಪನಿ ಕೊಡುವ ಮೊತ್ತವನ್ನು ಇಳಿಸಲೂಬಹುದು.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಸಂಸ್ಥೆಯೊಂದರ ಪ್ರತಿನಿಧಿ ಬಾಡಿಗೆ ಕಾರಿನಲ್ಲಿ ಹೋಗುವಾಗ ಬಲಗಡೆಯಿಂದ ಬಂದ ಕಾರಿಗೆ ಡಿಕ್ಕಿಯಾಯಿತು. ಎದುರಿನ ಕಾರಿನ ಹಾನಿ 9,000 ಯೂರೋ, ಬಾಡಿಗೆ ಕಾರಿನ ಹಾನಿ 6,000 ಯೂರೋ, ಬಾಡಿಗೆ ಕರಾರಿನಂತೆ ವಿಮೆ ಭರಿಸದ ಸ್ವಂತ ಪಾಲು 1,000 ಯೂರೋ ಎಂದಿರಲಿ. ಲೆಕ್ಕದ ಅನುಕೂಲಕ್ಕಾಗಿ ಯೂರೋ ಒಂದಕ್ಕೆ 100 ರೂ. ಎಂದು ಹಿಡಿಯೋಣ. ಕರಾರಿನಲ್ಲಿ ಆ ಚಾಲಕನ ಹೆಸರಿದ್ದು ನಿಯಮಗಳು ಪಾಲನೆಯಾಗಿದ್ದರೆ, ಎದುರಿನವರ ಹಾನಿಯನ್ನು ಕಡ್ಡಾಯ ವಿಮೆ ಭರಿಸಿ ಸಂಸ್ಥೆಗೆ 1 ಲಕ್ಷ ರೂ. ತಗಲುತ್ತದೆ. ಕರಾರಿನಲ್ಲಿ ಹೆಸರಿಲ್ಲದವನು ಓಡಿಸಿದ್ದು ಬಾಡಿಗೆ ಕಾರಿನ ರಕ್ಷಣೆ ರದ್ದಾದರೆ ಆ ಕಾರಿನ ಹಾನಿಯೇ 6 ಲಕ್ಷ ರೂ. ಮೇಳದಲ್ಲಿ ದೊರೆತ ಮೊದಲ ಆದೇಶದ ಲಾಭ ಅಷ್ಟಿರುತ್ತದೆಯೇ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

ದಂಡದ ಹಣವನ್ನು ಪ್ರವಾಸ ವೆಚ್ಚದಲ್ಲಿ ಸೇರಿಸುವ ಪದ್ಧತಿಯೂ ಸರಿಯಲ್ಲ. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ವ್ಯವಹಾರದ ಖರ್ಚೆಂದು ಆದಾಯದಿಂದ ಕಳೆಯಲಾಗದು. ಭಾರತದ ಹೊರಗಿನ ಕಾನೂನಿನಡಿ ಅಪರಾಧವಾದುದಕ್ಕೆ ಮಾಡಿದ ವೆಚ್ಚಕ್ಕೂ ಈ ನಿಷೇಧ ಅನ್ವಯಿಸುತ್ತದೆ ಎಂಬುದನ್ನು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿಗೆ 2022ರ ಹಣಕಾಸು ಕಾಯ್ದೆ ಸೇರಿಸಿದ ವಿವರಣೆ ಸ್ಪಷ್ಟಪಡಿಸಿತು. ಆ ಕಾಯ್ದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯ್ದೆಯನ್ನು ರೂಪಿಸಿದಾಗಲೂ ಈ ತತ್ವವನ್ನು ಉಳಿಸಿಕೊಳ್ಳಲಾಗಿದೆ. ಆದ್ದರಿಂದ ಅಂಥ ಮೊತ್ತವನ್ನು ಪುಸ್ತಕದಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ತೋರಿಸಬೇಕು.

ಪರವಾನಗಿ

ಭಾರತದಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಗಳು ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದಂತೆ ಇದ್ದು ಒಂದು ವರ್ಷ ಊರ್ಜಿತದಲ್ಲಿರುತ್ತದೆ. ಜಪಾನ್ ಈ ಒಪ್ಪಂದದ ಪರವಾನಗಿಯನ್ನು ಮಾನ್ಯ ಮಾಡುತ್ತದೆ. ಚೀನಾ ಯಾವುದೇ ಅಂತರರಾಷ್ಟ್ರೀಯ ಪರವಾನಗಿಯನ್ನು ಒಪ್ಪುವುದಿಲ್ಲ. ಜರ್ಮನಿಯಲ್ಲಿ ವಾಸ್ತವ್ಯ ಹೂಡಿದವರಿಗೆ ಭಾರತದ ಪರವಾನಗಿ ಆರು ತಿಂಗಳು, ಬ್ರಿಟನ್ನಿನಲ್ಲಿ 12 ತಿಂಗಳು ನಡೆಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಸದ ವೀಸಾ ಪಡೆದ ಭಾರತೀಯರು ಅಲ್ಲಿನ ಪರವಾನಗಿಯನ್ನೇ ಪಡೆಯಬೇಕು. ಅಂತರರಾಷ್ಟ್ರೀಯ ಪರವಾನಗಿಯು ಮೂಲ ಪರವಾನಗಿಯ ಅನುವಾದದಂತೆ ಇರುವುದರಿಂದ ಎರಡನ್ನೂ ಜೊತೆಯಲ್ಲಿ ಒಯ್ಯಬೇಕು.

ತಯಾರಕರ ಗಮನಕ್ಕೆ

ರಸ್ತೆ ಫಲಕ, ಪ್ರತಿಫಲಕ ಹಾಳೆ, ವಾಹನ ದೀಪ ಮುಂತಾದವನ್ನು ತಯಾರಿಸುವವರಿಗೆ ಈ ವ್ಯತ್ಯಾಸಗಳು ನೇರವಾಗಿ ಮಾರುಕಟ್ಟೆಯ ಪ್ರಶ್ನೆ. ಭಾರತದಲ್ಲಿ ರಸ್ತೆ ಫಲಕಕ್ಕೆ ಐಆರ್‌ಸಿ 67, ಯೂರೋಪಿನಲ್ಲಿ ಸ್ಥಿರ ಫಲಕಗಳಿಗೆ ಇಎನ್ 12899-1, ಅಮೆರಿಕದಲ್ಲಿ ಪ್ರತಿಫಲಕ ಹಾಳೆಗೆ ಎಎಸ್‌ಟಿಎಂ ಡಿ4956 ಮಾನದಂಡಗಳಿವೆ. ಒಂದಕ್ಕೆ ಪಡೆದ ಪರೀಕ್ಷಾ ಪತ್ರ ಇನ್ನೊಂದಕ್ಕೆ ಸಾಲದು. ಹೆಡ್‌ಲೈಟಿನ ಕೆಳಮುಖ ಕಿರಣವೂ ಎಡಬದಿಯ ದೇಶಗಳಿಗೆ ಎಡಕ್ಕೆ, ಬಲಬದಿಯ ದೇಶಗಳಿಗೆ ಬಲಕ್ಕೆ ವಾಲಿರಬೇಕು. ಆದೇಶ ಪತ್ರದಲ್ಲಿ ಬದಿಯನ್ನು ನಮೂದಿಸದೆ ಕಳುಹಿಸಿದ ಸರಕು ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು.

ರಸ್ತೆ ನಿಯಮವನ್ನು ವ್ಯಾಪಾರವೇ ಬದಲಾಯಿಸಿದ ಪ್ರಸಂಗವೂ ಇದೆ. ಶಾಂತಸಾಗರದ ಸಮೋವಾ ದೇಶವು 2009ರ ಸೆಪ್ಟೆಂಬರ್ 7ರಂದು ಬಲಬದಿಯ ಸಂಚಾರವನ್ನು ಬಿಟ್ಟು ಎಡಬದಿಗೆ ಬದಲಾಯಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಿಂದ ಬಳಸಿದ ಕಾರುಗಳನ್ನು ಕಡಿಮೆ ಬೆಲೆಗೆ ತರಿಸಿಕೊಳ್ಳುವ ಅನುಕೂಲವೇ ಅದರ ಮುಖ್ಯ ಕಾರಣ.

ಪ್ರಯಾಣಕ್ಕೆ ಮುನ್ನ

1. ಹೋಗುವ ದೇಶದಲ್ಲಿ ಸಂಚಾರ ಯಾವ ಬದಿ, ಫಲಕವಿಲ್ಲದ ಕೂಡುರಸ್ತೆಯಲ್ಲಿ ಯಾರು ಮೊದಲು, ವೃತ್ತದಲ್ಲಿ ಯಾರು ಮೊದಲು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳುವುದು.

2. ಅಲ್ಲಿನ ಸರ್ಕಾರ ಪ್ರಕಟಿಸಿದ ಸಂಚಾರ ಕೈಪಿಡಿಯನ್ನು ಚಾಲಕ ಓದಿದ್ದಾನೆಂದು ಖಚಿತಪಡಿಸಿಕೊಳ್ಳುವುದು.

3. ಮೂಲ ಪರವಾನಗಿ ಹಾಗೂ ಅಂತರರಾಷ್ಟ್ರೀಯ ಪರವಾನಗಿಯ ಅವಧಿಯನ್ನು ಪರಿಶೀಲಿಸುವುದು.

4. ವಾಹನ ಓಡಿಸಬಹುದಾದ ಪ್ರತಿಯೊಬ್ಬರ ಹೆಸರನ್ನೂ ಬಾಡಿಗೆ ಕರಾರಿನಲ್ಲಿ ಸೇರಿಸುವುದು. ವಿಮೆ ಭರಿಸದ ಪಾಲಿನ ಮೊತ್ತವನ್ನು ಓದಿ ನೋಡುವುದು.

5. ಅಪಘಾತ ಹೇಳಿಕೆಯ ನಮೂನೆಯನ್ನು ತಿಳಿದ ಭಾಷೆಯಲ್ಲಿ ಜೊತೆಗಿಟ್ಟುಕೊಳ್ಳುವುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕದಿರುವುದು.

6. ದೀರ್ಘ ವಿಮಾನ ಪ್ರಯಾಣ ಮುಗಿದ ದಿನವೇ ವಾಹನ ಓಡಿಸದಿರುವುದು. ಮೊದಲ ದಿನ ಟ್ಯಾಕ್ಸಿ ಅಥವಾ ರೈಲನ್ನು ಬಳಸುವುದು.

ಇವುಗಳಿಗೆ ತಗಲುವುದು ಕೆಲವು ಗಂಟೆಗಳ ಸಮಯ ಮಾತ್ರ. ರಫ್ತಿನ ಕರಾರಿಗೆ ಸಹಿ ಹಾಕುವ ಮೊದಲು ಪ್ರತಿಯೊಂದು ಷರತ್ತನ್ನೂ ಓದುವ ವರ್ತಕನು, ತನ್ನ ಪ್ರತಿನಿಧಿಯ ಕೈಗೆ ವಾಹನದ ಬೀಗದ ಕೈ ಕೊಡುವ ಮೊದಲು ಆ ದೇಶದ ರಸ್ತೆಯ ಷರತ್ತುಗಳನ್ನೂ ಓದಬೇಕು. ವಿಮೆಯು ಕಾರಿನ ಬೆಲೆಯನ್ನು ಕಟ್ಟಿಕೊಡಬಲ್ಲದು. ಮನೆಗೆ ಮರಳಬೇಕಾದ ಮನುಷ್ಯನನ್ನು ಕಟ್ಟಿಕೊಡಲಾರದು.